ಸಂಘದ ಹೋತ ಮತ್ತು ಕಾದು ನಿಂತ ಬೀಜ

ಹೋತ ನೋಡಲು ರಾಜನ ಹಾಗಿತ್ತು. ಮೈಯೆಲ್ಲ ಕಪ್ಪು, ಹಿಂದಕ್ಕೆ ಬಾಗಿದ ಕೊಂಬು, ಎದೆಯವರೆಗೆ ಇಳಿದ ಗಡ್ಡ. ನನ್ನನ್ನು ಕಂಡದ್ದೇ ಮೂಗು ಮೇಲೆತ್ತಿ ತುಟಿ ಮಡಚಿತು. ತೆಂಗಳಿ ದಾಟಿ ಚಿಂಚೋಳಿ ಕಡೆ ಹೋಗುವ ದಾರಿಯಲ್ಲಿ ಒಂದು ಹಳ್ಳಿ. ಅಲ್ಲಿನ ಹೆಣ್ಣುಮಕ್ಕಳ ಸಂಘ ಈ ಹೋತವನ್ನು ಮರಿಯಿದ್ದಾಗಲೇ ತಂದು, ತಮ್ಮ ಆಡುಗಳ ತಳಿಗೆಂದು ಬೆಳೆಸಿತ್ತು. ಅಂಗಳದಲ್ಲಿ ಹತ್ತು ಹನ್ನೆರಡು ಹೆಂಗಸರು ಕೂತಿದ್ದರು. ಸಂಘದ ಅಧ್ಯಕ್ಷೆ ಮಾತ್ರ ನಿಂತಿದ್ದರು.

"ವರ್ಷಾಗ್ಲಿಕ್ಕ ಬಂತು ಮೇಡಂ. ಎಲ್ಲಾರ ಮನಿ ಆಡಿಗೂ ಹಾರ್ಯದ. ಒಂದೂ ಗಬ್ಬ ನಿಂತಿಲ್ಲ," ಅಂದರು ಅಧ್ಯಕ್ಷೆ. ಹೋತದ ಹಗ್ಗ ಹಿಡಿದು ನಿಂತಿದ್ದ ಹೆಂಗಸಿನ ಕಡೆ ಗದ್ದ ತೋರಿಸಿ, ದನಿ ತಗ್ಗಿಸದೆಯೇ ಸೇರಿಸಿದರು: "ತಪ್ಪು ನಮ್ಮದ ಬಿಡ್ರಿ. ಬಂಜಿ ಕೈಯಾಗ ಕೊಟ್ರ ಹೋತಾನೂ ಬಂಜಿನ ಆಗ್ತದ."

ಯಾರೋ ಮುಸಿಮುಸಿ ನಕ್ಕರು. ಹಗ್ಗ ಹಿಡಿದಾಕೆ ಹೋತದ ಗಡ್ಡಕ್ಕೆ ಅಂಟಿದ್ದ ತೊಗರಿ ಹೊಟ್ಟನ್ನು ಬಿಡಿಸುತ್ತ ನಿಂತಳು. ನಲವತ್ತರ ಆಸುಪಾಸಿನ ಹೆಂಗಸು, ಮಕ್ಕಳಾಗಿರಲಿಲ್ಲ. ಹೋತ ಸಾಕುವ ಕೆಲಸ ಸಂಘ ಆಕೆಗೆ ಒಪ್ಪಿಸಿದ್ದೂ ಅದಕ್ಕೇ, ಮನೆಯಲ್ಲಿ ಗಂಡನ ಹೊರತು ನೋಡಿಕೊಳ್ಳಬೇಕಾದವರು ಯಾರೂ ಇಲ್ಲವಲ್ಲ ಎಂದು. ಊರಲ್ಲಿ ಆಕೆಯನ್ನು 'ಹೋತದಾಕಿ' ಎನ್ನುತ್ತಿದ್ದರು. ನನಗೆ ಸಿಟ್ಟು ಬಂತು. ಆದರೆ ನಾನು ಬಂದಿದ್ದು ಹೋತ ನೋಡುವುದಕ್ಕೆ ಎಂದು ಸುಮ್ಮನಾದೆ. ಆ ಸುಮ್ಮನಾಗುವಿಕೆಯ ಬಗ್ಗೆ ಇವತ್ತಿಗೂ ನನಗೆ ಸಮಾಧಾನವಿಲ್ಲ.

ನಾನು ಪಶುವೈದ್ಯೆ. ಆ ಹೊತ್ತಿಗೆ ಪಿಎಚ್‌ಡಿಗಾಗಿ ಗಂಡು ಆಡಿನ ಬೀಜದೊಳಗೆ, ಅಂದರೆ ವೃಷಣದೊಳಗೆ, ವೀರ್ಯಾಣು ಹುಟ್ಟುವುದು ಹೇಗೆ ಎಂದು ಓದುತ್ತಿದ್ದೆ. ವಾರಕ್ಕೊಮ್ಮೆ ಬೆಳಗಾಗುತ್ತಲೇ ಶಹಾಬಾದಿನ ಮಟನ್ ಅಂಗಡಿ. ಬೇರೆಯವರು ಕಾಲು, ತಲೆ ಕೇಳಿದರೆ ನಾನು ಕೇಳುತ್ತಿದ್ದುದು ಯಾರೂ ಕೇಳದ ಭಾಗ. ಅದನ್ನು ತೊಗರಿಕಾಳಿನಷ್ಟು ಚೂರು ಮಾಡಿ ದ್ರಾವಣಕ್ಕೆ ಹಾಕಿ, ಐಸ್ ತುಂಬಿದ ಥರ್ಮೊಕೋಲ್ ಡಬ್ಬಿಯಲ್ಲಿಟ್ಟು, ವಾಡಿ ಜಂಕ್ಷನ್ನಿನಲ್ಲಿ ರೈಲು ಹತ್ತುತ್ತಿದ್ದೆ. ಪ್ರಯೋಗಾಲಯ ಇದ್ದದ್ದು ಬೆಂಗಳೂರಿನಲ್ಲಿ. ಪ್ಲಾಟ್‌ಫಾರ್ಮಿನಲ್ಲಿ ಡಬ್ಬಿ ನೋಡಿ "ಮೀನು ಹ್ಯಾಂಗ ಕೊಟ್ಟಿ?" ಎಂದು ಕೇಳಿದವರೂ ಉಂಟು.

ನಾನು ಹುಡುಕುತ್ತಿದ್ದುದು ಒಂದು ಗಳಿಗೆಯನ್ನು. ಮೈಯ ಉಳಿದ ಜೀವಕೋಶಗಳು ಒಂದು ಎರಡಾಗುವಾಗ ತಾಯಿ-ತಂದೆಯಿಂದ ಬಂದ ಎರಡೂ ಪಾಲಿನ ವರ್ಣತಂತುಗಳನ್ನು ಇದ್ದಂತೆಯೇ ನಕಲು ಮಾಡಿ ಹಂಚಿಕೊಳ್ಳುತ್ತವೆ. ಬೀಜದೊಳಗಿನ ತಾಯಿಕೋಶಗಳು ಮಾತ್ರ ಒಂದು ದಿನ ಬೇರೆ ದಾರಿ ಹಿಡಿಯಬೇಕು. ಎರಡು ಪಾಲನ್ನು ಕಲಸಿ, ಅರ್ಧಕ್ಕೆ ಇಳಿಸಿ, ಕೊನೆಗೆ ಬಾಲ ಮೂಡಿಸಿಕೊಳ್ಳಬೇಕು. ಆ ದಾರಿ ಹಿಡಿದ ಕೋಶ ಹಿಂದಿರುಗುವಂತಿಲ್ಲ. ಹಾಗಾಗಿ ಅದರ ಬಾಗಿಲಲ್ಲಿ ಕಾವಲಿದೆ. ಜೀನ್‌ಗಳನ್ನು ತೆರೆಯುವ, ಮುಚ್ಚುವ ನಿಯಂತ್ರಕ ಪ್ರೋಟೀನುಗಳು ಆ ಕಾವಲುಗಾರರು. ಒಂದು ನಿಯಂತ್ರಕ 'ಇನ್ನೂ ಬೇಡ, ತಡಿ' ಎಂದು ಕೋಶವನ್ನು ಹಿಡಿದಿಡುತ್ತದೆ. ಇನ್ನೊಂದು 'ಹೊರಡು' ಎನ್ನುತ್ತದೆ. ಹೆಣ್ಣುಮರಿಯಲ್ಲಿ ಈ 'ಹೊರಡು' ಎಂಬ ಮಾತು ತಾಯಿಯ ಹೊಟ್ಟೆಯಲ್ಲಿರುವಾಗಲೇ ಬಂದುಬಿಡುತ್ತದೆ. ಅಂದರೆ ಆಡು ತಾನು ಹುಟ್ಟುವ ಮೊದಲೇ ತನ್ನ ಮರಿಗಳ ತಯಾರಿ ಶುರುಮಾಡಿರುತ್ತದೆ. ಗಂಡು ಮಾತ್ರ ಪ್ರಾಯ ಬರುವವರೆಗೂ ಕಾಯುತ್ತದೆ. ಮೊದಲ ಸಲ ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಗೋಡೆ ನೋಡುತ್ತ ಕೂತಿದ್ದೆ.

ಹೋತದ ವೀರ್ಯ ತೆಗೆಯಲು ಊರ ಪಶು ದವಾಖಾನೆಯ ಹಿರಿಯ ಕಂಪೌಂಡರ್ ನೆರವಾದರು. ಬೆದೆಗೆ ಬಂದ ಆಡನ್ನು ಎದುರಿಗೆ ಕಟ್ಟಿ, ಬಿಸಿನೀರು ತುಂಬಿದ ರಬ್ಬರ್ ಕೊಳವೆ ಹಿಡಿದು ಕಾಯುವ ಕೆಲಸ. ಹೋತಕ್ಕೆ ಉತ್ಸಾಹವೇನೂ ಕಡಿಮೆ ಇರಲಿಲ್ಲ. ಕಂಪೌಂಡರ್ "ಹುರುಪಿಗೇನ್ ಕಮ್ಮಿ ಇಲ್ರಿ ಇದಕ್ಕ" ಎನ್ನುವಷ್ಟರಲ್ಲಿ ಕೆಲಸ ಮುಗಿದಿತ್ತು. ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಬರೀ ನೀರು. ಮೂರು ಸ್ಲೈಡ್ ನೋಡಿದೆ. ಒಂದು ವೀರ್ಯಾಣುವೂ ಇರಲಿಲ್ಲ.

ಮರುದಿನ ಹೋತಕ್ಕೆ ಮಂಪರು ಬರಿಸಿ, ಫರ್ಸಿ ಕಲ್ಲಿನ ಚಪ್ಪಡಿ ಹಾಸಿದ ಕಟ್ಟೆಯ ಮೇಲೆ ಮಲಗಿಸಿ, ಬೀಜಕ್ಕೆ ತೆಳ್ಳನೆಯ ಸೂಜಿ ಹಾಕಿ ಒಂದು ಹನಿ ಹೀರಿ ತೆಗೆದೆ. ಹೋತದಾಕೆ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣಿಗೆ ಸೆರಗು ಮುಚ್ಚಿದಳು. ಅದರ ಕಣ್ಣು ಸೋರುತ್ತಿತ್ತು. ಬೆನ್ನ ಮೇಲೆ ಕೈಯಾಡಿಸಿದರೆ ಬೂದಿಯಂಥ ಪುಡಿ ಅಂಟುತ್ತಿತ್ತು. ಸಿಮೆಂಟು ಕಾರ್ಖಾನೆಗಳ ಧೂಳು ಎಂದುಕೊಂಡೆ. ಈ ಸೀಮೆಯಲ್ಲಿ ಎಮ್ಮೆಯ ಮೈ, ಬೇವಿನ ಎಲೆ, ಒಣಗಿಸಿದ ಸೀರೆ, ಎಲ್ಲದರ ಮೇಲೂ ಬೂದಿ ಕೂತಿರುತ್ತದೆ. ಕಣ್ಣು ಉರಿದರೂ ಧೂಳು, ಕೆಮ್ಮು ಬಂದರೂ ಧೂಳು. ಅದನ್ನು ಯಾರೂ ಎರಡನೇ ಸಲ ನೋಡುವುದಿಲ್ಲ. ನಾನೂ ನೋಡಲಿಲ್ಲ.

ಆ ವಾರ ಬೆಂಗಳೂರಿನಲ್ಲಿ ಸ್ಲೈಡ್ ತಯಾರಾಯಿತು. 'ಹೊರಡು' ಎನ್ನುವ ಪ್ರೋಟೀನು ಇದ್ದಲ್ಲಿ ಕಂದು ಬಣ್ಣ ಹತ್ತುವಂತೆ ಮಾಡುವ ವಿಧಾನ ಅದು. ತಾಯಿಕೋಶಗಳು ಕಂಡವು, ಅವಕ್ಕೆ ಉಣಿಸುವ ದಾದಿಕೋಶಗಳು ಕಂಡವು. ಅದರ ಮುಂದೆ ಏನೂ ಇಲ್ಲ. ಕಂದು ಬಣ್ಣ ಎಲ್ಲಿಯೂ ಇಲ್ಲ. ಎಲ್ಲವೂ ಹೊಸ್ತಿಲಿನ ಈಚೆಗೇ ನಿಂತಿದ್ದವು. 'ಹೊರಡು' ಪ್ರೋಟೀನಿನ ಜೀನ್ ಕೆಟ್ಟಿರುವ ಇಲಿಗಳಲ್ಲಿ ದಾರಿ ಹೀಗೇ ಮುಚ್ಚಿಹೋಗುತ್ತದೆ ಎಂದು ಓದಿದ್ದೆ. ನನ್ನ ಗೈಡ್ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ ಹೇಳಿದರು: "ಹುಟ್ಟಿನಿಂದಲೇ ಜೀನ್ ಕೆಟ್ಟಿರೋ ಆಡು ಆಗಿರಬಹುದು ಇದು. ಹಾಗಿದ್ರೆ ಇದೊಂದರಲ್ಲೇ ಥೀಸಿಸ್ ಗೆದ್ದೆ ಅಂತ ತಿಳ್ಕೊ. ಬೀಜ ಪೂರ್ತಿ ಬೇಕು. ಆ ಹೋತಾನ ಹೇಗಿದ್ರೂ ಮಾರ್ತಾರಲ್ಲ?"

ಹೌದು, ಮಾರುತ್ತಾರೆ. ನಾನು ಒಂದು ಮಾತು ಹೇಳಿದರೆ ಸಾಕಿತ್ತು. ಹೇಳಿದೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರಲ್ಲ, ಮೂರು ವರ್ಷ ಜೀನ್ ಜೀನ್ ಎಂದು ತಿರುಗಿದವಳಿಗೆ ಬೇರೇನೂ ಕಾಣಲಿಲ್ಲ. ಸಂಘದ ಹೆಂಗಸರೆದುರು "ಇದು ಹುಟ್ಟಿನಿಂದಲೇ ಬಂದ ದೋಷ, ಔಷಧ ಇಲ್ಲ" ಎಂದೆ. ಮುಂದಿನ ಸಂತೆಗೆ ಕಟುಕರಿಗೆ ಕೊಡುವುದೆಂದು ಅಲ್ಲೇ ತೀರ್ಮಾನವಾಯಿತು. ಕಡಿದ ಮೇಲೆ ಬೀಜ ನನಗೆ ಕೊಡಬೇಕೆಂದೂ ಕೇಳಿಕೊಂಡೆ. ಹೋತದಾಕೆ ಮೆಲ್ಲಗೆ ಕೇಳಿದಳು:

"ಹುಟ್ಟಿಂದs ಹಂಗ ಐತಿ ಅಂದ್ರ, ನನ್ನ ಕೈಯಿಂದ ಅಲ್ಲ, ಹೌದಲ್ರಿ?"

"ಅಲ್ಲ," ಎಂದೆ. ಆದರೆ ಅಷ್ಟರಲ್ಲಿ ಅಧ್ಯಕ್ಷೆ ಎದ್ದು ಹೊರಟಿದ್ದರು. "ಹಂಥಾದ್ದs ನೋಡಿ ಆಕಿ ಮನಿಗಿ ಬಂತಲ್ಲ, ಅದಕ್ಕೇನ್ ಅಂತೀರಿ?" ಎಂದು ಬಾಗಿಲಲ್ಲಿ ನಿಂತು ನಕ್ಕರು.

ಸಂತೆಗೆ ಮೂರು ದಿನ ಇತ್ತು. ಹೋತದ ತೂಕ, ಬೀಜದ ಸುತ್ತಳತೆ ಬರೆದುಕೊಳ್ಳಲು ಒಂದು ಸಂಜೆ ಮತ್ತೆ ಹೋದೆ. ಹೊತ್ತು ಮುಳುಗುವುದರಲ್ಲಿತ್ತು. ಹೋತದಾಕೆ ಬುಟ್ಟಿಯಲ್ಲಿ ಮೇವು ತಂದಿಟ್ಟಳು. ಗೇರಿ ಹಸನು ಮಾಡಿದ ತೊಗರಿ ಹೊಟ್ಟು, ಬಿಳಿಜೋಳದ ದಂಟಿನ ಒಣ ಕಣಿಕೆ, ಹತ್ತಿಕಾಳಿನ ಹಿಂಡಿ. ಹೋತ ಬುಟ್ಟಿಯ ಕಡೆ ಬರುತ್ತ ಅಂಗಳದಲ್ಲಿ ನಿಲ್ಲಿಸಿದ್ದ ಫರ್ಸಿ ಕಲ್ಲಿಗೆ ಢಣ್ಣೆಂದು ಹಣೆ ಹೊಡೆದುಕೊಂಡಿತು.

"ದಿನಾ ಇದs ಗತಿ," ಅಂದಳು ಆಕೆ. "ಹಗಲಿ ಬರೋಬ್ಬರಿ ಇರ್ತದ. ಹೊತ್ತು ಮುಳುಗಿದ್ರ ಡಿಕ್ಕಿ ಹೊಡೀತದ. ಸೊಕ್ಕು ನೋಡ್ರಿ, ಕಲ್ಲಿನ ಸಂಗಾಟ ಗುದ್ದಾಡ್ತದ."

ಟೇಪು ಕೈಯಲ್ಲೇ ಉಳಿಯಿತು. ಹೋತ ಎರಡನೇ ಸಲ ಹಣೆ ಹೊಡೆದುಕೊಂಡಿತು. ಸೊಕ್ಕಿನ ಪ್ರಾಣಿ ಗುದ್ದಿದ ಮೇಲೆ ಹಿಂದೆ ಸರಿದು ಮತ್ತೆ ಬರುತ್ತದೆ. ಇದು ಕಾಲಿನಿಂದ ನೆಲ ತಡವರಿಸುತ್ತಿತ್ತು. ಅದಕ್ಕೆ ಕಲ್ಲು ಕಾಣುತ್ತಿರಲಿಲ್ಲ. ಬೆನ್ನಿನ ಬೂದಿಯನ್ನು ಉಗುರಿನಿಂದ ಕೆರೆದೆ. ಧೂಳಾಗಿದ್ದರೆ ಒರೆಸಿದರೆ ಹೋಗಬೇಕಿತ್ತು. ಇದು ಚರ್ಮದಿಂದಲೇ ಏಳುತ್ತಿದ್ದ ಹೊಟ್ಟು.

"ಇದಕ್ಕ ಹಸಿರು ಏನ್ ಹಾಕ್ತೀರಿ?" ಎಂದೆ. ಗಾಬರಿಯಲ್ಲಿ ನನ್ನ ಬಾಯಿಗೂ ಆ ಊರ ಮಾತೇ ಬಂದಿತ್ತು.

"ಹಸಿರು ಹಾಕಂಗಿಲ್ರಿ. ಹೊಟ್ಟಿ ಉಬ್ಬರಸ್ತದ ಅಂತಾರ. ಹಿಂಡಿ ಹಾಕ್ತೀನಿ, ಜ್ವಾಳಾ ಹಾಕ್ತೀನಿ. ನಾವು ಉಣ್ಣೂದ್ಕಿಂತ ಛಲೋದು."

"ಮೇಯಲಿಕ್ಕ ಬಿಡೋದಿಲ್ಲ?"

"ಹ್ಯಾಂಗ ಬಿಡ್ಲಿ? ಠರಾವ್ ಆಗ್ಯದಲ್ರಿ."

ಆಕೆ ಹೇಳಿದ್ದು ಇಷ್ಟು. ಮರಿ ತಂದ ತಿಂಗಳೇ ಸಂಘ ಠರಾವು ಬರೆದು ಎಲ್ಲರ ಸಹಿ ಹಾಕಿಸಿತ್ತು. ಹೋತವನ್ನು ಹೊರಗೆ ಬಿಟ್ಟರೆ ಸಂಘದಲ್ಲಿ ಇಲ್ಲದವರ ಆಡಿಗೆ ಪುಕ್ಕಟೆ ಹಾರುತ್ತದೆ. ಆದ್ದರಿಂದ ಕಟ್ಟಿಯೇ ಸಾಕತಕ್ಕದ್ದು. ಉಳಿದ ಆಡುಗಳು ಕಾಗಿಣಾ ಹೊಳೆಯ ಕಡೆ, ಗುಡ್ಡದ ಕಡೆ ಹೋಗಿ ಸಿಕ್ಕಿದ ಸೊಪ್ಪೆಲ್ಲ ಮೇದು ಬರುವಾಗ ಈ ರಾಜ ಒಬ್ಬನೇ ಹೊಟ್ಟು ಹಿಂಡಿ ತಿಂದು ಬೆಳೆದಿದ್ದ. ಹಾಲು ಬಿಟ್ಟಂದಿನಿಂದ ಒಂದು ಹಸಿರೆಲೆ ಅವನ ಹೊಟ್ಟೆಗೆ ಹೋಗಿರಲಿಲ್ಲ.

ಹಸಿರೆಲೆಯಿಂದ ಬರುವುದು ಎ ಜೀವಸತ್ವ. ಅದು ತೀರಿದರೆ ಮೊದಲು ಇರುಳುಗಣ್ಣು. ಇದನ್ನು ಶಾಲೆಯ ಹುಡುಗರೂ ಬಲ್ಲರು. ಆದರೆ ಅದೇ ಜೀವಸತ್ವದಿಂದ ಮೈ ಇನ್ನೊಂದು ಅಣುವನ್ನು ಮಾಡಿಕೊಳ್ಳುತ್ತದೆ. ಅದು ಜೀವಕೋಶದ ಒಳಮನೆಗೆ ಹೋಗಿ, ಅಲ್ಲಿ ಜೀನ್‌ಗಳ ಮೇಲೆ ಕೂತಿರುವ ನಿಯಂತ್ರಕವನ್ನು ಮುಟ್ಟುತ್ತದೆ. ಮುಟ್ಟಿದಾಗಲೇ 'ಹೊರಡು' ಎನ್ನುವ ಜೀನ್ ತೆರೆಯುವುದು. ಇಲಿಗಳಲ್ಲಿ ಇದನ್ನು ನೋಡಿದ್ದಾರೆ, ನಾನೇ ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆ. ಜೀನ್ ಕೆಟ್ಟರೂ ದಾರಿ ಮುಚ್ಚುತ್ತದೆ, ಜೀನ್ ನೆಟ್ಟಗಿದ್ದು ಈ ಅಣು ಬರದಿದ್ದರೂ ಮುಚ್ಚುತ್ತದೆ. ಸ್ಲೈಡಿನಲ್ಲಿ ಎರಡೂ ಒಂದೇ ರೀತಿ ಕಾಣಬಹುದು. ಆ ಕೋಶಗಳು ಸತ್ತಿರಲಿಲ್ಲ. ಅಪ್ಪಣೆಗಾಗಿ ಕಾಯುತ್ತಿದ್ದವು. ನಾನು ಅವನ್ನು ಕಟುಕರಿಗೆ ಕೊಡಲು ಹೊರಟಿದ್ದೆ.

ಗೈಡಿಗೆ ಫೋನು ಮಾಡಿದೆ. ಕಂಡದ್ದನ್ನೆಲ್ಲ ಹೇಳಿದೆ. "ಜೀವಸತ್ವ ಕೊಟ್ಟೂ ಏನೂ ಆಗದಿದ್ರೆ?" ಎಂದರು. "ಆಗ ನೀವು ಹೇಳಿದ್ದು ನಿಜ ಸರ್." "ವಾಸಿ ಆದ್ರೆ?" "ವಾಸಿ ಆದ್ರೆ ಥೀಸಿಸ್ ಹೋಯ್ತು, ಹೋತ ಉಳೀತು." ಅವರು ನಕ್ಕರೋ ಬೈದರೋ ತಿಳಿಯಲಿಲ್ಲ. "ಇಲಿಯಲ್ಲಿ ಓದಿದ್ದನ್ನ ಆಡಿನಲ್ಲಿ ನೋಡೋ ಪುಣ್ಯ ಎಲ್ಲರಿಗೂ ಬರಲ್ಲ. ನೋಡು," ಎಂದು ಫೋನಿಟ್ಟರು.

ಸಂಘದ ಮುಂದೆ ನಿಂತು ನನ್ನ ಮಾತು ನಾನೇ ಹಿಂದೆ ತೆಗೆದುಕೊಳ್ಳಬೇಕಾಯಿತು. ನಾನು ತಪ್ಪು ಹೇಳಿದ್ದೆ, ಹೋತ ಹುಟ್ಟಾ ಬಂಜೆಯಲ್ಲ, ಎರಡು ತಿಂಗಳು ಕೊಡಿ ಎಂದೆ. ಠರಾವಿನ ಮಾತು ಎತ್ತಿದಾಗ ಅಧ್ಯಕ್ಷೆಯ ಮುಖ ಕೆಂಪೇರಿತು.

"ಮೊನ್ನಿ ಒಂದು ಹೇಳ್ತೀರಿ, ಇವತ್ತ ಒಂದು ಹೇಳ್ತೀರಿ. ಈಗ ತಪ್ಪು ನಮ್ದs ಆಯ್ತೇನು? ಎರಡ್ ತಿಂಗಳಿಗೆ ಆಗಲಿಲ್ಲಂದ್ರ?"

ನಾನು ಉತ್ತರ ಕೊಡುವ ಮೊದಲೇ ಹೋತದಾಕೆ ಬಾಯಿ ಬಿಟ್ಟಳು. ಸಭೆಯಲ್ಲಿ ಆಕೆ ದನಿ ಎತ್ತಿದ್ದು ಅದೇ ಮೊದಲು. "ಆಗಲಿಲ್ಲಂದ್ರ ಹೋತಾ ಮಾರ್ರಿ. ನಾನೂ ಸಂಘ ಬಿಡ್ತೀನಿ. ನನ್ನ ಕೈ ಕೆಟ್ಟದ ಅಂತ ನಾನs ಒಪ್ಕೊಂಡು ಹೋಗ್ತೀನಿ."

ಅವತ್ತೇ ಸೂಜಿ ಚುಚ್ಚಿದೆ. ತೊಡೆಗೆ ಎ ಜೀವಸತ್ವದ ಎಣ್ಣೆಯಂಥ ಔಷಧ, ಹೊಟ್ಟೆಗೆ ನುಗ್ಗೆ ಸೊಪ್ಪು. ಊರಲ್ಲಿ ನುಗ್ಗೆ ಮರ ಇದ್ದ ಮನೆಗಳಿಗೆಲ್ಲ ಆಕೆ ಕುಡುಗೋಲು ಹಿಡಿದು ಹೋಗಿಬಂದಳು. ವಾರದೊಳಗೆ ಫೋನು ಬಂತು. "ಮೇಡಂ, ಕಲ್ಲಿಗಿ ಹಾಯಲಿಲ್ರಿ! ಸಂಜಿಮುಂದ ಸೀದಾ ನನ್ನ ಕಡೀಗೇ ಬಂತು!" ಕಣ್ಣು ತೆರೆದಿದ್ದವು. ಉಳಿದದ್ದು ಇನ್ನೂ ಒಳಗಿತ್ತು.

ಬೀಜಕ್ಕೆ ಎರಡನೇ ಸಲ ಸೂಜಿ ಹಾಕಿ ತೆಗೆದ ಹನಿಯನ್ನು ವಾಡಿಯ ರೈಲಿನಲ್ಲಿ ಮಡಿಲಲ್ಲಿಟ್ಟುಕೊಂಡು ಹೋದೆ. ಬಣ್ಣ ಹತ್ತಲು ಮೂರು ದಿನ. ಮೂರನೇ ದಿನ ಮಧ್ಯಾಹ್ನ ಸ್ಲೈಡ್ ಇಟ್ಟು ಗುಂಡಿ ತಿರುಗಿಸಿದೆ. ಮಸುಕು ಹೋಯಿತು. ಮೊದಲು ಒಂದು ಕಂದು ಚುಕ್ಕೆ ಕಂಡಿತು. ಪಕ್ಕದಲ್ಲಿ ಇನ್ನೊಂದು. ಆಮೇಲೆ ಎಣಿಕೆ ಬಿಟ್ಟೆ. ಗುಂಪುಗುಂಪಾಗಿ ಕಂದು. ಸಾಮಾನ್ಯವಾಗಿ ಬೀಜದಲ್ಲಿ ಒಂದು ಕಡೆ ಕೋಶಗಳು ಹೊರಟಿರುತ್ತವೆ, ಇನ್ನೊಂದು ಕಡೆ ಮುಗಿಸಿರುತ್ತವೆ, ಮತ್ತೊಂದು ಕಡೆ ಕಾಯುತ್ತಿರುತ್ತವೆ. ಇಲ್ಲಿ ಹಾಗಲ್ಲ. ತಿಂಗಳುಗಟ್ಟಲೆ ಒಂದೇ ಹೊಸ್ತಿಲಲ್ಲಿ ನಿಂತಿದ್ದವೆಲ್ಲ ಒಂದೇ ಕರೆಗೆ ಒಟ್ಟಿಗೆ ಹೊರಟಿದ್ದವು. ಒಂದು ನುಗ್ಗೆ ಎಲೆಯಲ್ಲಿ ಇದ್ದದ್ದು ಅದೇನು ಮಾತು, ಈ ಕತ್ತಲೆಯ ಕೋಣೆಗಳಲ್ಲಿ ಅದನ್ನು ಕೇಳಿಸಿಕೊಂಡವರು ಯಾರು, ಯಾವ ಕಾಲದಿಂದ ಇದು ನಡೆದಿದೆ! ಗೈಡ್ ಬಂದು ನೋಡಿದರು. ಥೀಸಿಸ್ಸಿನ ಸುದ್ದಿ ಆ ದಿನ ಇಬ್ಬರೂ ಎತ್ತಲಿಲ್ಲ.

ಆದರೆ ಹೊರಟವರು ತಲುಪಬೇಕಲ್ಲ. ಐವತ್ತನೇ ದಿನಕ್ಕೆ ಅಧ್ಯಕ್ಷೆ ವ್ಯಾಪಾರಿಯೊಬ್ಬನನ್ನು ಅಂಗಳಕ್ಕೇ ಕರೆತಂದು ಮಾಂಸ ಎಷ್ಟಿದೆ ಎಂದು ಹೋತದ ಬೆನ್ನು ಹಿಚುಕಿಸಿದರು. ಹೆದರಿ ನಾನೂ ಅವಸರಪಟ್ಟೆ, ವೀರ್ಯ ತೆಗೆದು ನೋಡಿದೆ. ಮತ್ತೆ ಬರೀ ನೀರು. ಹೋತದಾಕೆ ನನ್ನ ಮುಖ ನೋಡಿ ಒಳಗೆ ಹೋದಳು. ಕಂಪೌಂಡರೇ ಬೆರಳು ಮಡಚಿ ಲೆಕ್ಕ ಹೇಳಿದರು. "ಬೀಜದಾಗ ತಯಾರಾಗ್ಲಿಕ್ಕ ಏಳು ವಾರ ಅಂತ ನೀವs ಹೇಳಿದ್ರಿ. ಆಮ್ಯಾಲ ನಾಳದಾಗ ಹಾದು ಬರ್ಲಿಕ್ಕ ಹತ್ತು ಹನ್ನೆರಡು ದಿನ. ತೊಗರಿ ಬಿತ್ತಿ ಹುಣ್ಣಿಮಿಗೇ ರಾಶಿ ಮಾಡ್ತೀರೇನು?" ನನಗೆ ನಾಚಿಕೆಯಾಯಿತು. ಪಾಠ ಹೇಳುವವಳಿಗೆ ಪಾಠ. ವ್ಯಾಪಾರಿಯನ್ನು ಹೇಗೋ ಸಾಗಹಾಕಿದೆವು.

ಎರಡು ತಿಂಗಳ ಗಡುವು ಮುಗಿಯುವ ಬೆಳಿಗ್ಗೆ ಸೂಕ್ಷ್ಮದರ್ಶಕವನ್ನು ಆಕೆಯ ಮನೆಗೇ ಒಯ್ದೆ. ಕಟ್ಟೆಯ ಮೇಲಿಟ್ಟು ಕನ್ನಡಿಯನ್ನು ಬಿಸಿಲಿಗೆ ತಿರುಗಿಸಿದೆ. ಇಡೀ ಸಂಘ ಸೇರಿತ್ತು. ಈ ಸಲ ಹನಿ ನೀರಾಗಿರಲಿಲ್ಲ, ಕೆನೆಯಂತಿತ್ತು. ಗಾಜಿನ ಮೇಲೆ ಇಟ್ಟು ಕಣ್ಣು ಹಚ್ಚಿದೆ.

ಕುದಿಯುತ್ತಿತ್ತು. ಬೇರೆ ಮಾತು ನನಗೆ ಗೊತ್ತಿಲ್ಲ. ಲೆಕ್ಕವಿಲ್ಲದಷ್ಟು ಬಾಲಗಳು ಒಂದರ ಮೇಲೊಂದು ಹಾಯ್ದು ಅಲೆ ಎಬ್ಬಿಸುತ್ತಿದ್ದವು. ಎರಡು ತಿಂಗಳ ಹಿಂದೆ ಅಲುಗಾಡದೆ ನಿಂತಿದ್ದ ಕೋಶಗಳ ಮಕ್ಕಳು ಇವು. ಬಾಯಿ ಪಾಠ ಮಾಡಿದ ವಿದ್ಯೆ ಕಣ್ಣೆದುರು ಜೀವ ತಾಳಿ ಈಜುತ್ತಿತ್ತು. ನನ್ನ ಕಣ್ಣಲ್ಲಿ ನೀರು ಬಂದು ಏನೂ ಕಾಣದಾಯಿತು.

ಮೊದಲು ಹೋತದಾಕೆಯನ್ನೇ ಕರೆದೆ. ಆಕೆ ಸೆರಗು ಸಿಕ್ಕಿಸಿಕೊಂಡು ಬಾಗಿದಳು. ಮೊದಮೊದಲು ತನ್ನ ರೆಪ್ಪೆಯೇ ಕಂಡಿತಂತೆ. ಆಮೇಲೆ ಉಸಿರು ಎಳೆದುಕೊಂಡದ್ದು ಕೇಳಿಸಿತು.

"ಎವ್ವಾ... ಇಷ್ಟೆಲ್ಲಾ ಜೀವನs ಏನ್ರಿ?"

"ಎಲ್ಲಾ ಜೀವ."

ಉಳಿದವರು ಸಾಲಾಗಿ ನೋಡಿದರು, ನೂಕಾಡಿದರು, ನಕ್ಕರು. ಕೊನೆಗೆ ಅಧ್ಯಕ್ಷೆ ಬಾಗಿದರು. ಬಹಳ ಹೊತ್ತು ಏಳಲಿಲ್ಲ. ಎದ್ದ ಮೇಲೆ ಯಾರ ಮುಖವನ್ನೂ ನೋಡದೆ, "ಠರಾವ್ ರದ್ದ ಮಾಡೂಣು," ಎಂದಷ್ಟೇ ಹೇಳಿದರು. ಹೋತದಾಕೆಗೆ ಒಂದು ಮಾತು ಹೇಳುತ್ತಾರೇನೋ ಎಂದು ಕಾದೆ. ಹೇಳಲಿಲ್ಲ. ಆದರೆ ಹೋಗುವಾಗ ಅವರೇ ಆಕೆಯ ಮನೆಯ ಚಹಾ ಕೇಳಿ ಕುಡಿದರು. ಶುಭಕಾರ್ಯದ ಮನೆಗಳಲ್ಲಿ ಆಕೆಯ ಕೈಯಿಂದ ನೀರೂ ಮುಟ್ಟದವರು ಎಂದು ಕಂಪೌಂಡರ್ ನನಗೆ ಆಮೇಲೆ ತಿಳಿಸಿದರು.

ಎಲ್ಲರೂ ಹೋದ ಮೇಲೆ ನಾನು ಸ್ಲೈಡ್ ತೊಳೆಯುತ್ತಿದ್ದೆ. ಆಕೆ ಚಹಾದ ಕಪ್ಪು-ಬಸಿಗಳನ್ನು ಒಂದೆಡೆ ಕೂಡಿಸಿದಳು, ಮತ್ತೆ ಬಂದು ಸೂಕ್ಷ್ಮದರ್ಶಕದ ಹತ್ತಿರ ನಿಂತಳು. ಖಾಲಿ ಗಾಜಿನೊಳಗೆ ಇನ್ನೊಮ್ಮೆ ನೋಡಿದಳು.

"ಮೇಡಂ, ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಗಂಡಸರದ್ದೂ ಇದರಾಗ ಕಾಣಸ್ತದೇನು?"

"ಕಾಣಿಸ್ತದೆ."

"ಹಿಂಗs, ಒಂದ್ ಹನಿ ಹಾಕಿ?"

"ಹೌದು. ಒಂದು ಹನಿ ಸಾಕು."

ಆಕೆ ಗಾಜಿನಿಂದ ಕಣ್ಣು ತೆಗೆದಳು. ಅಳು ಬರುತ್ತದೆ ಎಂದುಕೊಂಡೆ, ಬರಲಿಲ್ಲ.

"ನನ್ನ ಹೊಟ್ಟಿ ಕಲಬುರ್ಗ್ಯಾಗ ಎರಡ್ ಸಲ ತಗದು ನೋಡ್ಯಾರ್ರಿ," ಅಂದಳು. "ಹೈದರಾಬಾದಿನಾಗ ಒಂದ್ ಸಲ. ಏನೂ ಖೋಟ್ ಇಲ್ಲ, ಎಲ್ಲಾ ಬರೋಬ್ಬರಿ ಅದ ಅಂತ ಮೂರೂ ಸಲ ಬರಕೊಟ್ರು. ನಮ್ಮ ಮನಿಯವರ ಒಂದ್ ಹನಿ ಯಾರೂ ಕೇಳಲಿಲ್ಲ."